ನಾನು ಕಳ್ಳರನ್ನು ಹಿಡಿಸಲಿಲ್ಲ

ನಾಟಕ ಬರೆಯುವವನು ಒಬ್ಬ, ತಿದ್ದುವವರು ನೂರು ಜನ. ನಮ್ಮ ಸೀಮೆಯಲ್ಲಿ ಇದು ತಪ್ಪಿದ್ದೇ ಇಲ್ಲ.

ಅರವತ್ತರ ದಶಕದಲ್ಲಿ ನಾನು ಶಿಡ್ಲಘಟ್ಟದಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ನಾವು ಮೇಷ್ಟ್ರುಗಳೇ ಆಡೋಣ ಅಂತ ಒಂದು ನಾಟಕ ಬರೆದೆ. ಅದರಲ್ಲಿ ಇಬ್ಬರು ಕಳ್ಳರು. ಒಬ್ಬ ಆರಡಿ ಆಳು, ಬೆಕ್ಕು ಕಂಡರೂ ನಡುಗುತ್ತಾನೆ. ಇನ್ನೊಬ್ಬ ಕುಳ್ಳ, ಭಂಡಧೈರ್ಯದವನು, ಆದರೆ ಕಿವಿ ಮಂದ. ಈ ಹೊಂದದ ಜೋಡಿ ಸಾಹುಕಾರರ ಮನೆಗೆ ನುಗ್ಗಿ, ಪೇಚಾಡಿ, ಕೊನೆಗೆ ತಪ್ಪಿಸಿಕೊಂಡು ಓಡುತ್ತದೆ. ಆ ಓಟವೇ ದೊಡ್ಡವರಿಗೆಲ್ಲ ನುಂಗಲಾರದ ತುತ್ತಾಯಿತು. ನಾನೂ ಹಟ ಹಿಡಿದೆ.

ನೀತಿ ಎಲ್ಲಿ?

ಶಿಡ್ಲಘಟ್ಟದಲ್ಲಿ ಮೊದಲ ಆಟ ಮುಗಿದಾಗ ರಿಟೈರಾದ ಹೆಡ್‌ಮಾಸ್ಟರೊಬ್ಬರು ಕೋಲೂರಿಕೊಂಡು ಬಂದರು.

"ಏನಯ್ಯಾ, ಇದರಲ್ಲಿ ನೀತಿ ಎಲ್ಲಿ? ಕಳ್ಳರನ್ನ ಹಿಡಿಸು."

"ಹಿಡಿಸಲ್ಲ ಸಾರ್."

"ನಾಳೆ ಬಂದು ನೋಡ್ತೀನಿ."

ಬಂದರು, ಬೈದರು. ಮೂರನೇ ದಿನವೂ ಮುಂದಿನ ಸಾಲಿನಲ್ಲೇ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕು, ಎದ್ದು ಬಂದರು. "ಇವತ್ತೂ ಹಿಡಿಸಿಲ್ವಲ್ಲಯ್ಯಾ! ನಾಳೆ ಎಷ್ಟು ಗಂಟೆಗೆ?"

ಸೊಪ್ಪಿನ ಕೆಲಸ

ಆಮೇಲೆ ನಾಟಕ ಊರೂರು ಸುತ್ತತೊಡಗಿತು. ಜಂಗಮಕೋಟೆಯಲ್ಲಿ ರೇಷ್ಮೆ ಹುಳ ಸಾಕುವ ಅಜ್ಜಿಯೊಬ್ಬರದು ಬೇರೆಯೇ ತಕರಾರು. "ನೀನು ಹುಳ ಸಾಕಿಲ್ಲ ಬಿಡಪ್ಪ. ಹುಳ ಮೇಯೋ ಹೊತ್ತಲ್ಲಿ ನಮ್ಮನೇಲಿ ಯಾರು ಮಲಗ್ತಾರೆ, ಕಳ್ಳ ಬರೋಕೆ?"

"ಬಂದೇಬಿಟ್ರೆ ಅಜ್ಜಿ?"

"ಬರ್ಲಿ ಬಿಡು. ಇಬ್ಬರನ್ನೂ ಸೊಪ್ಪು ಹೆಚ್ಚೋಕೆ ಕೂರಿಸ್ತೀನಿ. ಓಡಿಹೋಗೋಕೆ ಪುರುಸೊತ್ತು ಎಲ್ಲಿರುತ್ತೆ?"

ಮಂಚದ ಕೆಳಗೆ

ಗೌರಿಬಿದನೂರಿನಲ್ಲಿ ಊರ ಹಿರಿಯರೊಬ್ಬರು ಆಟಕ್ಕೆ ಮುಂಚೆಯೇ ಗದರಿದರು: "ಕಳ್ಳತನ ಕಲಿಸೋ ನಾಟಕ ನಮ್ಮೂರಿಗೆ ಬೇಡ."

"ನೋಡಿ ಆಮೇಲೆ ಹೇಳಿ" ಅಂದೆ.

ಕೂತರು. ಆರಡಿ ಕಳ್ಳ ಸಾಹುಕಾರರ ಹಣದ ಪೆಟ್ಟಿಗೆಗಾಗಿ ಮೂಲೆ ಮೂಲೆ ತಡಕುತ್ತಿದ್ದ. ಹಿರಿಯರಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಮನೆಮಾತು ತೆಲುಗಿನಲ್ಲಿ ಕೂಗಿದರು: "ಒರೇಯ್, ಅಕ್ಕಡ ಕಾದ್ರಾ! ಮಂಚಂ ಕಿಂದ ಚೂಡು!"

ಕಳ್ಳ ಮಂಚದ ಕೆಳಗೆ ನೋಡಿ, ಕೈಮುಗಿದು, "ಸಿಕ್ತು ಸ್ವಾಮಿ" ಅಂದ.

ಚಿಂತಾಮಣಿಯ ಭಾನುವಾರ

ಅಷ್ಟರಲ್ಲಿ ಶಾಲಾ ಇನ್‌ಸ್ಪೆಕ್ಟರು ನನ್ನನ್ನು ಕರೆಸಿದರು. "ಮೇಷ್ಟ್ರಾಗಿ ಕಳ್ಳರನ್ನ ಗೆಲ್ಲಿಸ್ತೀರಾ? ಚಿಂತಾಮಣಿಗೆ ನಾನೇ ಬರ್ತೀನಿ. ಕೊನೇ ದೃಶ್ಯ ಬದಲಾಗದಿದ್ರೆ ಗಡಿ ಹಳ್ಳಿಗೆ ಎತ್ತಿ ಹಾಕ್ತೀನಿ."

ಮನೆಯಲ್ಲಿ ಹೆಂಡತಿ ತುಂಬಿದ ಬಸುರಿ. ಅಳುಕುತ್ತಲೇ ಹೇಳಿದೆ. "ಬದಲಾಯಿಸಿದ್ರೆ ಮನೆಗೆ ಬರಬೇಡಿ" ಅಂದಳು.

ಭಾನುವಾರ ಮಧ್ಯಾಹ್ನ ಆಟ. ಇನ್‌ಸ್ಪೆಕ್ಟರ್ ಸಾಹೇಬರು ಗಂಟುಮುಖ ಹಾಕಿಕೊಂಡು ಮುಂದೆ ಕೂತರು. ಕೊನೇ ದೃಶ್ಯ ಬಂತು. ಕಳ್ಳರು ಇನ್ನೇನು ಓಡಬೇಕು, ಬಂದೋಬಸ್ತಿಗೆ ಬಂದಿದ್ದ ಹೊಸ ಕಾನ್‌ಸ್ಟೇಬಲ್ ಇದು ಆಟ ಅನ್ನೋದನ್ನೇ ಮರೆತು ರಂಗಕ್ಕೆ ಹಾರಿ ಇಬ್ಬರ ಕತ್ತುಪಟ್ಟಿಯನ್ನೂ ಹಿಡಿದೇಬಿಟ್ಟ!

"ರೀ, ಇದು ನಾಟಕದಲ್ಲಿಲ್ಲ!" ಅಂತ ಆರಡಿ ಕಳ್ಳ ನಿಜವಾಗಿಯೂ ನಡುಗಿದ. ಕುಳ್ಳ ಪಾತ್ರ ಬಿಡದೆ "ಆಂ? ಏನಂದೆ?" ಅಂತ ಕಿವಿಗೆ ಕೈಯಿಟ್ಟ.

ಅಷ್ಟರಲ್ಲಿ ಸಾಹೇಬರೇ ಕುರ್ಚಿ ಹತ್ತಿ ನಿಂತಿದ್ದರು. "ಬಿಡಯ್ಯಾ ಅವರನ್ನ! ಅವರು ಓಡಬೇಕು! ಓಡ್ರೋ, ಓಡ್ರೋ!"

ಕಾನ್‌ಸ್ಟೇಬಲ್ ಬೆದರಿ ಕೈಬಿಟ್ಟ. ಕಳ್ಳರು ಓಡಿದರು. ಚಪ್ಪಾಳೆ ನಿಂತ ಮೇಲೆ ಸಾಹೇಬರು ಕುರ್ಚಿಯಿಂದಿಳಿದು, ಕನ್ನಡಕ ಸರಿಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಂದರು.

"ಮೇಷ್ಟ್ರೇ, ವರ್ಗದ ಮಾತು ಬಿಟ್ಟೆ. ನಾನು ಕೂಗಿದ್ದು ಮಾತ್ರ ಯಾರಿಗೂ ಹೇಳಬೇಡಿ."

"ನಾನು ಹೇಳಲ್ಲ ಸಾರ್" ಅಂದೆ. "ಮೈಲಿಗಟ್ಟಲೆ ದೂರದ ಮುರುಗಮಲ್ಲದವರೆಗೂ ಕೇಳಿಸಿರೋದಕ್ಕೆ ನಾನು ಜವಾಬ್ದಾರನಲ್ಲ."