ನಾಲ್ಕು ಪುಸ್ತಕ ಬಿಚ್ಚಿ ಹೊಲಿದ ಪ್ರಪಂಚದ ಇತಿಹಾಸ

"ಪ್ರಪಂಚದ ಇತಿಹಾಸ ನನಗೆ ಬಿಡು! ಪುಸ್ತಕ ನಾನು ಆರಿಸ್ತೀನಿ!"

ಹೀಗೆಂದು ಘೋಷಿಸಿ ಬೈಂಡರ್ ಮಹಾಶಯರು ಊಟದ ಮೇಜಿಗೆ ಒಂದು ಗುದ್ದು ಕೊಟ್ಟರು. ಲೋಟದ ನೀರು ಚೆಲ್ಲಿತು. ಒರೆಸಿದ್ದು ಹೆಂಡತಿ. ಆ ಮನೆಯಲ್ಲಿ ಘೋಷಣೆಯ ಖಾತೆ ಗಂಡನದು, ಒರೆಸುವ ಖಾತೆ ಹೆಂಡತಿಯದು. ಮೊದಲಿನಿಂದಲೂ ಹಾಗೇ ನಡೆದು ಬಂದಿದೆ.

ಈ ಪೌರುಷ ಉಕ್ಕಲು ಕಾರಣ ಹೆಂಡತಿಯ ತಮ್ಮ. ಅವತ್ತು ಬೆಳಿಗ್ಗೆ ಬಂದವನು, "ಅಲ್ಲ ಭಾವ, ಮಕ್ಕಳನ್ನ ಸ್ಕೂಲ್ ಬಿಡಿಸಿ ಮನೇಲಿ ಓದಿಸ್ತಿದೀರಿ, ಸಂತೋಷ. ಲೆಕ್ಕ ಹೇಳೋದು ಅಕ್ಕ, ವಿಜ್ಞಾನ ಅಕ್ಕ, ಭಾಷೆ ಅಕ್ಕ. ನಿಮ್ಮ ಪಾಲಿಂದೇನು? ಬೆಲ್ ಹೊಡೆಯೋದಾ?" ಎಂದು ಹಲ್ಲು ಕಿರಿದು ಹೋಗಿದ್ದ. ಊರಿಗೆಲ್ಲ ಪುಸ್ತಕ ಕಟ್ಟಿಕೊಡುವ ಮನುಷ್ಯನಿಗೆ ಇಂಥ ಮಾತು! ಮೈಯೆಲ್ಲ ಉರಿದುಹೋಯಿತು.

ಮಕ್ಕಳನ್ನು ಸ್ಕೂಲ್ ಬಿಡಿಸಿದ್ದು ಶೋಕಿಗಲ್ಲ. ದೊಡ್ಡವಳಿಗೆ ಮಾತು ತಡವರಿಸುತ್ತಿತ್ತು. ತರಗತಿಯಲ್ಲಿ ಎದ್ದು ನಿಂತು ಓದುವಾಗ ಒಂದು ಅಕ್ಷರಕ್ಕೆ ಸಿಕ್ಕಿಕೊಂಡರೆ ಸಾಕು, ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿನವರೆಗೆ ಎಲ್ಲರೂ ತಾಳ ಹಾಕಿ ಚಪ್ಪಾಳೆ ತಟ್ಟುತ್ತಿದ್ದರು. ಮೇಷ್ಟ್ರು ಕಿಟಕಿಯಾಚೆ ನೋಡುತ್ತಿದ್ದರು. ಕೊನೆಗೆ ಹುಡುಗಿ ಮನೆಯಲ್ಲೂ ಬಾಯಿ ಬಿಡುವುದನ್ನು ನಿಲ್ಲಿಸಿಬಿಟ್ಟಳು. ಆಗ ತಾಯಿ ಔಷಧಿ ಅಂಗಡಿಯ ಕೆಲಸಕ್ಕೆ ಕೈಮುಗಿದು, ಅವಳನ್ನೂ ಅವಳ ಪುಟ್ಟ ತಮ್ಮನನ್ನೂ ಮನೆಯಲ್ಲೇ ಕೂರಿಸಿಕೊಂಡಳು. ಒಂದೊಂದೇ ಮಾತು ಬಂತು. ಈಗ ಹುಡುಗಿ ಗಟ್ಟಿಯಾಗಿ ಓದುತ್ತಾಳೆ, ತಮ್ಮನ ಜೊತೆ ಜಗಳ ಆಡುತ್ತಾಳೆ, ತಾಯಿಗೆ ಎದುರುತ್ತರವನ್ನೂ ಕೊಡುತ್ತಾಳೆ. ಆ ಎದುರುತ್ತರ ಕೇಳಿ ತಾಯಿ ಅಡುಗೆಮನೆಗೆ ಹೋಗಿ ಖುಷಿಗೆ ಅತ್ತದ್ದೂ ಉಂಟು.

ಆದರೆ ವರ್ಷಕ್ಕೊಮ್ಮೆ ಶಿಕ್ಷಣ ಇಲಾಖೆಯ ಅಧಿಕಾರಿ ಮನೆಗೇ ಬಂದು ಬಾಯಿಪರೀಕ್ಷೆ ಮಾಡುತ್ತಾರೆ. ಪಾಸಾದರೆ ಮನೆಯಲ್ಲೇ ಓದು. ಇಲ್ಲದಿದ್ದರೆ ಅದೇ ಸ್ಕೂಲು, ಅದೇ ಚಪ್ಪಾಳೆ. ಈ ವರ್ಷ ಹೊಸದಾಗಿ ಪ್ರಪಂಚದ ಇತಿಹಾಸ ಬೇರೆ ಸೇರಿತ್ತು.

ಹೆಂಡತಿ ಅಂಗಡಿ ಅಂಗಡಿ ಅಲೆದು, ನಿಂತಲ್ಲೇ ಓದಿ, ಒಂದು ಪುಸ್ತಕ ಆರಿಸಿ ತಂದಿಟ್ಟಿದ್ದಳು. ಮಹಾಶಯರು ಅದನ್ನು ಎತ್ತಿ, ಬೆನ್ನು ಹಿಡಿದು, ಒಮ್ಮೆ ಒದರಿದರು.

"ಥೂ! ಇದೂ ಒಂದು ಹೊಲಿಗೇನಾ? ದಾರ ನೋಡು, ಜೇಡರ ಬಲೆ! ಮಳೆಗಾಲದ ಹೊತ್ತಿಗೆ ಉದುರಿ ಹೋಗುತ್ತೆ."

"ಒಳಗೇನಿದೆ ಅಂತ ಸ್ವಲ್ಪ ಓದಿ ನೋಡ್ರೀ."

"ಓದ್ತಾ ಕೂತ್ರೆ ಹೊಲಿಯೋದು ಯಾರು? ನನ್ನ ಜೀವಮಾನದಲ್ಲಿ ಎಷ್ಟು ಪುಸ್ತಕ ಕಟ್ಟಿದೀನಿ, ಒಂದನ್ನೂ ಓದಿಲ್ಲ!"

ಇದನ್ನು ಅವರು ಹೆಮ್ಮೆಯಿಂದ ಹೇಳಿದರು. ನಿಜಕ್ಕೂ ಹೆಮ್ಮೆಯಿಂದ!

ಮಾರನೇ ದಿನ ಹಳೇ ಪುಸ್ತಕದ ಅಂಗಡಿಯಿಂದ ಇನ್ನೂ ಮೂರು ಇತಿಹಾಸಗಳು ಬಂದವು. ಒಂದರ ಕಾಗದ ರೇಷ್ಮೆ, ಆದರೆ ಚಿತ್ರಗಳಿಲ್ಲ. ಇನ್ನೊಂದರ ತುಂಬ ಚಿತ್ರಗಳು, ಆದರೆ ಅಕ್ಷರ ಸಾಸಿವೆ ಕಾಳು. ಮೂರನೆಯದರಲ್ಲಿ ಭೂಪಟಗಳು ಭರ್ಜರಿ, ಉಳಿದದ್ದು ಕಸ. ಮಹಾಶಯರು ಕಣ್ಣು ಮುಚ್ಚಿ ಯೋಚಿಸಿದರು. ಕಣ್ಣು ಮುಚ್ಚಿ ಯೋಚಿಸಿದ್ದೇ ತಪ್ಪಾಯಿತು.

"ನಾಲ್ಕನ್ನೂ ಬಿಚ್ಚಿ, ಒಳ್ಳೇದನ್ನ ಮಾತ್ರ ಸೇರಿಸಿ ಒಂದೇ ಪುಸ್ತಕ ಕಟ್ತೀನಿ! ಇಂಥ ಇತಿಹಾಸ ಪ್ರಪಂಚದಲ್ಲೇ ಇನ್ನೊಂದು ಇರಬಾರದು!"

"ಅಯ್ಯೋ, ನನ್ನದೊಂದನ್ನ ಬಿಟ್ಟುಬಿಡ್ರೀ!" ಎಂದು ಹೆಂಡತಿ ಓಡಿ ಬರುವಷ್ಟರಲ್ಲಿ ಅದರ ಬೆನ್ನು ಸೀಳಿ ಆಗಿತ್ತು.

ಇಲ್ಲಿ ಕಸುಬಿನ ಗುಟ್ಟೊಂದನ್ನು ಹೇಳಬೇಕು. ದೊಡ್ಡ ಹಾಳೆಯನ್ನು ಮಡಿಸಿ ಮಡಿಸಿ ಹದಿನಾರು ಪುಟಗಳ ಕಂತೆ ಮಾಡಿರುತ್ತಾರೆ. ಅದಕ್ಕೆ ಫಾರಂ ಅಂತ ಹೆಸರು. ಅಂಥ ಫಾರಂಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದರೆ ಪುಸ್ತಕ. ಫಾರಂ ಹರಿದು ಒಂಟಿ ಹಾಳೆ ಅಂಟಿಸುವುದು ಬೈಂಡರ್ ಕುಲಕ್ಕೇ ಕಳಂಕ! ಆದ್ದರಿಂದ ಮಹಾಶಯರು ಚಿತ್ರ ಚೆನ್ನಾಗಿರುವ ಫಾರಂ ಒಂದು ಕಡೆಯಿಂದ, ಭೂಪಟದ ಫಾರಂ ಇನ್ನೊಂದು ಕಡೆಯಿಂದ ಇಡಿಯಾಗಿ ಎತ್ತಿ ಜೋಡಿಸಿದರು. ಆದರೆ ಇತಿಹಾಸಕ್ಕೆ ಈ ಕಸುಬು ಗೊತ್ತಿಲ್ಲವಲ್ಲ! ಹದಿನಾರನೇ ಪುಟ ಬಂತೆಂದು ಯಾವ ಯುದ್ಧವೂ ನಿಲ್ಲುವುದಿಲ್ಲ.

ಪುಸ್ತಕ ಯಾರ ಕೈಗೂ ಸಿಗಲಿಲ್ಲ. "ಮುಟ್ಟಬೇಡಿ, ಅಂಟು ಒಣಗ್ತಿದೆ," ಎಂದು ಅದನ್ನು ಒತ್ತುವ ಯಂತ್ರದ ಕೆಳಗೆ ಇಟ್ಟುಬಿಟ್ಟರು. ಅಷ್ಟು ದಿನವೂ ತಾಯಿ ತಾನು ಓದಿದ್ದನ್ನು ನೆನಪಿನಿಂದಲೇ ಕಥೆಯಂತೆ ಹೇಳಿದಳು. ಮಗಳು ಎಲ್ಲವನ್ನೂ ಕಲಿತಳು. ಪುಸ್ತಕ ಹೊರಗೆ ಬಂದದ್ದು ಪರೀಕ್ಷೆಯ ಬೆಳಿಗ್ಗೆ. ಕೆಂಪು ಬಟ್ಟೆಯ ಹೊದಿಕೆ, ಚಿನ್ನದ ಅಕ್ಷರ! ಇಟ್ಟ ಮೇಜಿಗೇ ಕಳೆ ಬಂತು.

ಅಧಿಕಾರಿ ಒಳ್ಳೆಯ ಮನುಷ್ಯ. ಲೆಕ್ಕ ಕೇಳಿದರು, ಹುಡುಗಿ ಹೇಳಿದಳು. ವಿಜ್ಞಾನ ಕೇಳಿದರು, ಹೇಳಿದಳು. ಒಂದೆರಡು ಕಡೆ ನಾಲಿಗೆ ತಡೆಯಿತು. ಅಧಿಕಾರಿ ಅವಸರ ಮಾಡಲಿಲ್ಲ. ಬಾಗಿಲ ಬಳಿ ನಿಂತ ತಾಯಿ ಉಸಿರು ಬಿಟ್ಟಳು.

"ಇನ್ನು ಇತಿಹಾಸ. ಎಲ್ಲಾದರೂ ತೆಗೆದು ಗಟ್ಟಿಯಾಗಿ ಓದಮ್ಮ. ಆಮೇಲೆ ನಾನು ಕೇಳ್ತೀನಿ."

"ನಾನೇ ಕಟ್ಟಿದ್ದು ಸಾರ್," ಎಂದು ಮಹಾಶಯರು ನಡುವೆ ತಲೆ ಹಾಕಿದರು.

ಹುಡುಗಿ ತೆಗೆದಳು. ಸ್ಪಷ್ಟವಾಗಿ, ನಿಧಾನವಾಗಿ ಓದಿದಳು. "ಕೋಟೆ ಶತ್ರುಗಳ ವಶವಾಯಿತು. ಕೋಪಗೊಂಡ ರಾಣಿಯು, ಸೋತು ಮರಳಿದ ತನ್ನ ಸೇನಾಪತಿಯನ್ನು..." ಎದುರು ಪುಟಕ್ಕೆ ಬಂದಳು. "...ದೊಡ್ಡ ಹಂಡೆಯಲ್ಲಿ ಕುದಿಸಿ, ಆ ಹಬೆಯಿಂದ ಯಂತ್ರದ ಚಕ್ರ ತಿರುಗಿಸತೊಡಗಿದ ಮೇಲೆ ಬಟ್ಟೆಯ ಉದ್ಯಮ ಭರದಿಂದ ಬೆಳೆಯಿತು."

ಅಧಿಕಾರಿಯ ಹೊಟ್ಟೆ ಕುಲುಕಿತು. ತಡೆದುಕೊಂಡರು, ಆಗಲಿಲ್ಲ. ಹೋ ಎಂದು ನಕ್ಕುಬಿಟ್ಟರು! ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನಕ್ಕರು. "ಪಾಪ, ಸೇನಾಪತಿ!"

ಮಹಾಶಯರ ಮುಖ ಕೆಂಪು ಹೊದಿಕೆಗಿಂತ ಕೆಂಪಾಯಿತು. ಚಿನ್ನದ ಅಕ್ಷರಕ್ಕೆ ಅವಮಾನ! "ಏಯ್, ಏನೇ ಅದು ಓದೋದು? ಕಣ್ಣು ಬಿಟ್ಟು ಸರಿಯಾಗಿ ಓದು! ಇಷ್ಟು ವರ್ಷ ಇದೇನಾ ಕಲಿತದ್ದು?"

ತಮ್ಮ ಇಣುಕಿ ನೋಡಿದ. "ಅಪ್ಪಾ, ಅಕ್ಕ ಸರಿಯಾಗೇ ಓದಿದ್ಲು. ಪುಸ್ತಕದಲ್ಲೇ ಹಾಗಿದೆ."

"ನೀನು ಸುಮ್ನಿರೋ!"

ಅಧಿಕಾರಿ ಪುಸ್ತಕ ತೆಗೆದುಕೊಂಡು ತಿರುವಿದರು. ಒಬ್ಬ ದೊರೆ ಮೊದಲು ಸತ್ತು, ಮುಂದೆ ಪಟ್ಟಕ್ಕೆ ಬಂದು, ಕೊನೆಯಲ್ಲಿ ಹುಟ್ಟಿದ್ದ. ಒಂದು ಯುದ್ಧದ ಸಂಧಾನ ಮುಗಿದ ಮೇಲೆ ಯುದ್ಧ ಶುರುವಾಗಿತ್ತು. "ಪುಸ್ತಕ ಬಿಡು ಮಗೂ," ಎಂದು ಅವರು ಮುಚ್ಚಿಟ್ಟರು. "ನಿನಗೆ ಗೊತ್ತಿರೋದನ್ನ ಹೇಳು. ಹಬೆಯ ಯಂತ್ರ ಬಂದ ಮೇಲೆ ಕೈಮಗ್ಗದವರ ಗತಿ ಏನಾಯ್ತು?"

ಅದು ಅವಳಿಗೆ ಗೊತ್ತಿತ್ತು. ತಾಯಿ ಹೇಳಿದಾಗ ಮಗ್ಗದವರಿಗಾಗಿ ಕಣ್ಣೀರು ಹಾಕಿದ್ದ ಹುಡುಗಿ ಅವಳು. ಆದರೆ ಬಾಯಿ ತೆರೆಯಲಿಲ್ಲ. ಅಧಿಕಾರಿ ಬೇರೆ ಕೇಳಿದರು, ಸುಲಭದ್ದು ಕೇಳಿದರು, ಬಿಸ್ಕತ್ತು ಕೊಟ್ಟು ಕೇಳಿದರು. ಊಹೂಂ. ತುಟಿ ಹೊಲಿದುಹೋಗಿತ್ತು.

"ಅವಳಿಗೆಲ್ಲ ಗೊತ್ತು ಸಾರ್," ಎಂದು ತಾಯಿ ಕೈ ಜೋಡಿಸಿದಳು. "ಇನ್ನೊಂದು ದಿನ ಬನ್ನಿ. ನಿಮ್ಮ ದಮ್ಮಯ್ಯ."

"ಗೊತ್ತಿದೆ ಅಂತ ನನಗೂ ಕಾಣುತ್ತಮ್ಮ. ಆದರೆ ಬಾಯಿಂದ ಬರದಿದ್ದನ್ನ ನಾನು ಹೇಗೆ ಬರೀಲಿ? ಇವಳನ್ನ ಒಂದು ವರ್ಷ ಸ್ಕೂಲಿಗೆ ಕಳಿಸಿ."

ಹೊರಡುವಾಗ, ಬೇಸರ ಕಳೆಯಲೆಂದೋ ಏನೋ, ಬಾಗಿಲಲ್ಲಿ ನಿಂತು, "ಹೊಲಿಗೆ ಮಾತ್ರ ಬಹಳ ಗಟ್ಟಿ ಇದೆ ಇವರೇ. ನಮ್ಮ ಆಫೀಸಿನ ಹಳೇ ಪುಸ್ತಕಗಳಿವೆ, ಕಟ್ಟಿಕೊಡ್ತೀರಾ?" ಎಂದರು.

ಎಂಥ ಮನುಷ್ಯ ನೋಡಿ ನಮ್ಮ ಮಹಾಶಯ! ಆ ಹೊತ್ತಿನಲ್ಲೂ ಮುಖ ಅರಳಿತು.

"ಕಟ್ಟಿಕೊಡ್ತಾರೆ ಸಾರ್," ಎಂದಳು ಹೆಂಡತಿ. "ಮನೆ ಮುರಿಯೋ ಕೆಲಸ ಮುಗೀತು, ಈಗ ಬಿಡುವಾಗಿದಾರೆ."

ಆಮೇಲೆ ಅವಳು ಗಂಡನ ಜೊತೆ ಜಗಳ ಆಡಲಿಲ್ಲ. ಜಗಳ ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಮಗಳ ಸಮವಸ್ತ್ರದ ಮಡಿಕೆ ಬಿಚ್ಚಿ ಉದ್ದ ಮಾಡುತ್ತಾ ಕೂತಳು. ಮಗಳಂತೂ ಅಪ್ಪನೊಡನೆ ಮಾತೇ ಬಿಟ್ಟಳು.

ಸ್ಕೂಲು ಶುರುವಾದ ದಿನ ಹುಡುಗಿ ಮೆಟ್ಟಿಲ ಮೇಲೆ ಕೂತು ಶೂ ದಾರ ಕಟ್ಟುತ್ತಿದ್ದಳು. ಮಹಾಶಯರು ಪಕ್ಕದಲ್ಲಿ ಕೂತು ಕೆಮ್ಮಿದರು. ಜೀವನದಲ್ಲೇ ಮೊದಲ ಸಲ ಸಣ್ಣ ದನಿಯಲ್ಲಿ ಮಾತಾಡಿದರು.

"ಮಗಳೇ, ಅವತ್ತು ಆ ಸಾಹೇಬರು ನಕ್ಕಿದ್ದು ನಿನಗಲ್ಲ ಕಣಮ್ಮ. ನೀನು ಸರಿಯಾಗೇ ಓದಿದೆ. ಅವರು ನಕ್ಕಿದ್ದು ನನ್ನ ಪುಸ್ತಕಕ್ಕೆ."

ಹುಡುಗಿ ಎದ್ದು ಚೀಲ ಹೆಗಲಿಗೇರಿಸಿದಳು. ಒಂದಕ್ಷರವೂ ತಡವರಿಸದೆ ಹೇಳಿದಳು:

"ಅದು ನನಗೆ ಅವತ್ತೇ ಗೊತ್ತಿತ್ತಪ್ಪಾ. ಅವರು ನಕ್ಕಿದ್ದು ಪುಸ್ತಕಕ್ಕೆ. ನೀನು ಬೈದಿದ್ದು ನನಗೆ."