ನೀರಿನ ಕಚೇರಿಯಲ್ಲಿ ಗೌಪ್ಯತೆ ಜಾರಿಗೆ ಬಂದದ್ದು

ನೀರು ಸರಬರಾಜು ಕಚೇರಿಯ ನೌಕರರಿಗೆ ಖಾಸಗಿ ವಿಷಯಗಳು ಇರತಕ್ಕದ್ದಲ್ಲ ಎಂಬುದು ಬಹುಕಾಲದಿಂದ ಸುಗಮವಾಗಿ ನಡೆದುಬಂದ ಪದ್ಧತಿ. ವೈದ್ಯಕೀಯ ರಜೆ ಕೇಳಿದವರು ತಮ್ಮ ವರದಿಯನ್ನು ಕಚೇರಿಯ ಕಂಪ್ಯೂಟರಿನಲ್ಲಿ ಎಲ್ಲರ ಕೈಗೆಟುಕುವಂತೆ ಇಡಬೇಕಿತ್ತು. ಅದನ್ನು ಮೊದಲು ಮುಖ್ಯಾಧಿಕಾರಿಗಳು ಓದುತ್ತಿದ್ದರು, ಆಮೇಲೆ ರವಾನೆ ಗುಮಾಸ್ತರು, ಊಟದ ಹೊತ್ತಿಗೆ ಉಳಿದವರು. ಮೀಟರ್ ಓದುವವರೊಬ್ಬರ ಮೂಲವ್ಯಾಧಿಯ ಬಗ್ಗೆ ನಲ್ಲಿ ರಿಪೇರಿಯವರೂ ಅಭಿಪ್ರಾಯ ದಾಖಲಿಸಿದ್ದರು.

ಹೀಗಿರಲು ಬೆರಳಚ್ಚುಗಾರ್ತಿಯವರ ಗರ್ಭಕೋಶದಲ್ಲಿ ಗಡ್ಡೆ ಕಾಣಿಸಿತು. ಬೇಗ ತೆಗೆಸಿ ಎಂದರು ಡಾಕ್ಟರು. ಆಕೆ ನಿಯಮದಂತೆ ಸ್ಕ್ಯಾನ್ ವರದಿಯನ್ನು ಇಟ್ಟರು. ಆದರೆ ಇಡುವ ಮುನ್ನ ಬ್ರೌಸರಿನಲ್ಲಿ ಕಡತಗಳಿಗೆ ಬೀಗ ಹಾಕಿಕೊಡುವ ಒಂದು ಪುಟ ತೆರೆದು, ಪಾಸ್‌ವರ್ಡ್ ಕೊಟ್ಟು, ವರದಿಗೆ ಬೀಗ ಹಾಕಿದರು.

ಮುಖ್ಯಾಧಿಕಾರಿಗಳು ತೆರೆದು ನೋಡಿದರೆ ಬರೀ ಚೆಲ್ಲಾಪಿಲ್ಲಿ ಅಕ್ಷರ. ಆಕೆಯನ್ನು ಕರೆಸಿ ಪಾಸ್‌ವರ್ಡ್ ಕೇಳಿದರು. ಸರ್ಕಾರಿ ಡಾಕ್ಟರಿಗಾದರೆ ತೋರಿಸುವೆನೆಂದರು ಆಕೆ. ಹಾಗಾದರೆ ಆ ಪುಟದವರಿಂದಲೇ ತರಿಸುವುದಾಗಿ ಸಾಹೇಬರು ಹೇಳಿದರು. ಕಡತ ಈ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗಿಯೇ ಇಲ್ಲ, ಬೀಗ ಬಿದ್ದದ್ದು ಬ್ರೌಸರಿನೊಳಗೇ, ಪುಟದವರಿಗೂ ಪಾಸ್‌ವರ್ಡ್ ತಿಳಿಯದು ಎಂದು ಆಕೆ ಬಿಡಿಸಿ ಹೇಳಿದರು.

"ಅಂದ್ರೆ ನೀವೊಬ್ರೇ ತೆಗೀಬಹುದಾ?"

"ಹೌದು ಸಾರ್."

"ನಾನು ಮುಖ್ಯಾಧಿಕಾರಿ ಕಣ್ರೀ."

"ಅದು ಬ್ರೌಸರಿಗೆ ಗೊತ್ತಿಲ್ಲ ಸಾರ್."

ರಜೆಯನ್ನು ತಡೆಹಿಡಿಯಲಾಯಿತು. ಗಡ್ಡೆಯನ್ನು ತಡೆಹಿಡಿಯುವ ಅಧಿಕಾರ ಕಚೇರಿಗೆ ಇಲ್ಲದ್ದರಿಂದ ಅದು ಬೆಳೆಯುತ್ತಲೇ ಇತ್ತು. ಆಕೆ ಒಂದು ಕೈಯಲ್ಲಿ ಹೊಟ್ಟೆ ಒತ್ತಿಕೊಂಡು ಇನ್ನೊಂದರಲ್ಲಿ ಟೈಪು ಮಾಡಿದರು.

ಆಗ ರವಾನೆ ಗುಮಾಸ್ತರು ಸಾಹೇಬರ ತಲೆಗೆ ಒಂದು ಹುಳ ಬಿಟ್ಟರು. ಅದು ಸ್ಕ್ಯಾನ್ ವರದಿಯೇ ಎಂದು ಯಾರು ಕಂಡವರು? ನೆಲದೊಳಗೆ ಇಳಿಯದೆ ಬಿಲ್ಲಿನಲ್ಲಿ ಮಾತ್ರ ಇಳಿದ ಪೈಪುಗಳ ಕಾಗದವನ್ನೆಲ್ಲ ಟೈಪು ಮಾಡಿದ್ದು ಆಕೆಯೇ ತಾನೇ?

ಸಾಹೇಬರು ಆ ದಿನ ಊಟ ಮಾಡಲಿಲ್ಲ. ಮರುದಿನ ಆಕೆ ಕೇಳಿದ್ದಕ್ಕಿಂತ ಹೆಚ್ಚು ರಜೆ ಮಂಜೂರಾಯಿತು. ಆದೇಶವನ್ನು ಅವರೇ ಆಕೆಯ ಮೇಜಿಗೆ ತಂದುಕೊಟ್ಟು, "ಆರೋಗ್ಯ ಮುಖ್ಯ ಕಣಮ್ಮ. ಆ ಕಡತ ಮಾತ್ರ ಮುಚ್ಚಿದ ಹಾಗೇ ಇರಲಿ," ಎಂದರು. ಇವರಿಗೂ ಕರುಳಿದೆಯಲ್ಲ ಎಂದು ಆಕೆಯ ಕಣ್ಣು ತುಂಬಿತು.

ಆಕೆ ಆಸ್ಪತ್ರೆಯಲ್ಲಿದ್ದಾಗ ಸಾಹೇಬರಿಗೆ ಆ ಪುಟದ ಮಹಿಮೆ ಪೂರ್ತಿಯಾಗಿ ಅರ್ಥವಾಯಿತು. ಪೈಪಿನ ಕಡತಗಳಿಗೆ ಬೀಗ ಹಾಕಿದರು. ಅವಕ್ಕೆ ಮಾತ್ರ ಹಾಕಿದರೆ ಅನುಮಾನ ಬರುತ್ತದೆಂದು ದೂರು, ಅರ್ಜಿ, ನಲ್ಲಿ ಸಂಪರ್ಕದ ನಕ್ಷೆ, ಎಲ್ಲಕ್ಕೂ ಹಾಕಿದರು. ಪಾಸ್‌ವರ್ಡನ್ನು ಭದ್ರತೆಯ ದೃಷ್ಟಿಯಿಂದ ಎಲ್ಲಿಯೂ ಬರೆದಿಡಲಿಲ್ಲ, ತರುವಾಯ ಮರೆತರು. ತಪಾಸಣೆಗೆ ಬಂದ ಲೆಕ್ಕಪರಿಶೋಧಕರು ಯಾವ ಅಕ್ರಮವೂ ಕಂಡುಬರಲಿಲ್ಲ, ಬೇರೇನೂ ಕಂಡುಬರಲಿಲ್ಲ ಎಂದು ಷರಾ ಬರೆದರು. ಮಾಹಿತಿ ಸಂರಕ್ಷಣೆಗಾಗಿ ಸಾಹೇಬರಿಗೆ ಬಡ್ತಿ ಸಿಕ್ಕಿತು.

ಬೆರಳಚ್ಚುಗಾರ್ತಿ ಚೇತರಿಸಿಕೊಂಡು ಕೆಲಸಕ್ಕೆ ಮರಳಿದ ಬೆಳಿಗ್ಗೆ ಕಿಟಕಿಯಾಚೆ ಸಾಲು ನಿಂತಿತ್ತು. ಮುಂದಿದ್ದ ಅಜ್ಜನ ಬೀದಿಗೆ ನೀರು ಬರುವುದು ನಿಂತು ತಿಂಗಳುಗಳಾಗಿದ್ದವು. ನಕ್ಷೆಗೆ ಬೀಗವಿದೆ, ತೆಗೆಯಲು ಬರುವುದಿಲ್ಲ ಎಂದರು ಗುಮಾಸ್ತರು. ಅಜ್ಜ ಈಗ ರೇಗುತ್ತಾರೆಂದು ಆಕೆ ಎದ್ದು ನಿಂತರು. ಅಜ್ಜ ಅರ್ಜಿಯನ್ನು ಮಡಚಿ ಜೇಬಿಗಿಟ್ಟರು.

"ಮೊದಲೆಲ್ಲ ನಾಳೆ ಬಾ, ನಾಳೆ ಬಾ ಅಂತ ಅಲೆಸ್ತಿದ್ರು ತಾಯಿ. ಈಗ ಒಂದೇ ಸಲಕ್ಕೆ ಆಗಲ್ಲ ಅಂದ್ಬಿಡ್ತಾರೆ. ಕಚೇರಿ ಬಹಳ ಸುಧಾರಿಸಿದೆ."

ಹಿಂದೆ ನಿಂತವರೆಲ್ಲ ಹೌದೆಂದು ತಲೆಯಾಡಿಸಿ, ಒಂದು ಹೆಜ್ಜೆ ಮುಂದೆ ಬಂದರು.