ರೀಲು ಇಲ್ಲದ ಕ್ಯಾಸೆಟ್ಟು

ರಂಗಂಪೇಟೆಯ ಖಾಜಾಹುಸೇನನಿಗೆ ಈ ಕಾಲದ ಮೇಲಿದ್ದ ತಕರಾರು ಒಂದೇ: ಏನೇ ತುಂಬಿಸಿದರೂ ರೀಲು ತಿರುಗುವುದು ಕಾಣಿಸುವುದಿಲ್ಲ. ಒಂದು ಕಾಲಕ್ಕೆ ಅವನು ಸುರಪುರದ ಬಸ್‌ಸ್ಟ್ಯಾಂಡ್ ಎದುರಿನ 'ಖಾಜಾ ರೆಕಾರ್ಡಿಂಗ್ ಸೆಂಟರ್'ನ ಏಕಚಕ್ರಾಧಿಪತಿ. ಹುಣಸಗಿ, ಕಕ್ಕೇರಾದ ಮಂದಿ ಬಸ್ಸಿಳಿದು ನೇರ ಅವನಲ್ಲಿಗೆ ಬಂದು ಬೇಕಾದ ಹಾಡು ತುಂಬಿಸಿಕೊಂಡು ಹೋಗುತ್ತಿದ್ದರು. ಸಿಕ್ಕಿಕೊಂಡ ರೀಲನ್ನು ಪೆನ್ಸಿಲ್ ಹಾಕಿ ಸುತ್ತುವ ಅವನ ಬೆರಳಿನ ಚಮತ್ಕಾರ ನೋಡಲು ಜನ ನಿಲ್ಲುತ್ತಿದ್ದರು (ಹೆಚ್ಚಿನವರು ಬಸ್ಸಿಗೆ ಕಾಯುತ್ತಿದ್ದವರು, ಅದು ಬೇರೆ ಮಾತು). ಎಂಥಾ ದಿನಗಳು ಅವು! ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿಯೂ ಹೋಯಿತು. ಚಕ್ರವರ್ತಿಗಳು ಈಗ ಒಂದು ಪತ್ತಿನ ಸಂಘದ ಸರ್ವರ್ ಕಂಪ್ಯೂಟರಿಗೆ ಕಾವಲಿದ್ದರು.

ಮಗಳು ಅರ್ಜುಮಂದಳ ಮದುವೆಯ ವಾರ. ಭಾನುವಾರ ಮಧ್ಯಾಹ್ನ ಮ್ಯಾನೇಜರ್ ಬಾಲರಾಜನ ಫೋನ್ ಬಂತು.

"ಖಾಜಾ, ಸರ್ವರಿಗೆ ಹೊಸ ಅಪ್‌ಡೇಟ್ ಬಂದದ. ನಾಳೆ ಕೌಂಟರ್ ತೆರಿಯೋದ್ರಾಗ ಹಾಕಬೇಕು. ಬೂಟ್ ಆಗೋ ಪೆನ್‌ಡ್ರೈವ್ ತಯಾರ ಮಾಡಿಟ್ಕೊ."

ಅಂದರೆ, ಸರ್ವರು ಪೆನ್‌ಡ್ರೈವಿನಿಂದಲೇ ಎಚ್ಚರಗೊಂಡು ಅಪ್‌ಡೇಟ್ ಹಾಕಿಕೊಳ್ಳಬೇಕು. ಆಫೀಸಿನ ಪೆನ್‌ಡ್ರೈವಿನಲ್ಲಿ ಅಷ್ಟು ಜಾಗವಿರಲಿಲ್ಲ. ಮನೆಯ ಅಲಮಾರಿಯಲ್ಲಿ ಹೆಂಡತಿ ಜೈತುನಬೀಯ ಅತ್ತರದ ಡಬ್ಬಿಯೊಳಗೆ ಒಂದು ದೊಡ್ಡದು ಇತ್ತು.

ಅದರಲ್ಲಿ ಇದ್ದದ್ದು ತೀರಿಹೋದ ಅತ್ತೆಯ ಢೋಲಕ್ ಹಾಡುಗಳು. ಖಾಜಾಹುಸೇನನೇ ಅಂಗಡಿಯ ಶಟರ್ ಎಳೆದು, ಫ್ಯಾನು ನಿಲ್ಲಿಸಿ, ಮುದುಕಿಯನ್ನು ಕೂರಿಸಿ ರೆಕಾರ್ಡ್ ಮಾಡಿದ್ದ. ಅಳಿಯನ ಕಿವಿಗಳು ರೊಟ್ಟಿಯಷ್ಟು ಅಗಲ ಎಂದು ಆಕೆ ಅವನೆದುರೇ ಕಟ್ಟಿ ಹಾಡಿದಾಗ, ನಗು ತಡೆಯಲು ಟವೆಲ್ಲು ಬಾಯಿಗೆ ತುರುಕಿಕೊಂಡು ಗುಂಡಿ ಒತ್ತಿ ಹಿಡಿದಿದ್ದ. ಮಗಳ ಅರಿಶಿನದ ದಿನ ಅಜ್ಜಿಯೇ ಹಾಡಬೇಕೆಂದು ಜೈತುನಬೀಯ ಹಟ. ಅದಕ್ಕೆಂದೇ ಹೋದ ತಿಂಗಳು ಅವನು ಹಾಡುಗಳನ್ನು ಪೆನ್‌ಡ್ರೈವಿಗೆ ಇಳಿಸಿ, ಹಳೆಯ ಕ್ಯಾಸೆಟ್ಟನ್ನು ರದ್ದಿಗೆ ಹಾಕಿದ್ದ.

ಅವನ ಲೆಕ್ಕಾಚಾರ ಸರಳ. ಕ್ಯಾಸೆಟ್ಟಿನ ಶುರುವಿನಲ್ಲಿ ಎರಡು ಹಾಡು ತುಂಬಿಸಿದರೆ ಹಿಂದಿನವು ಹಾಗೇ ಉಳಿಯುತ್ತವೆ. ಇಷ್ಟು ದೊಡ್ಡ ಪೆನ್‌ಡ್ರೈವಿನಲ್ಲಿ ಅಪ್‌ಡೇಟ್ ಹಿಡಿಯುವುದು ಇಷ್ಟೇ ಇಷ್ಟು ಜಾಗ. ಅತ್ತೆ ಹಿಂದೆ ಆರಾಮಾಗಿ ಕೂತಿರುತ್ತಾರೆ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಕಂಪ್ಯೂಟರ್ ಎಚ್ಚರಿಸಿತು. ಖಾಜಾಹುಸೇನ ನಕ್ಕ. ಇಂಥ ಬೆದರಿಕೆಯೆಲ್ಲ ಹೊಸಬರಿಗೆ.

ಕೆಲಸ ಮುಗಿಯಿತು. ತೆರೆದು ನೋಡಿದರೆ ಅಪ್‌ಡೇಟ್ ಇತ್ತು, ಅತ್ತೆ ಇರಲಿಲ್ಲ. ಪೆನ್‌ಡ್ರೈವ್ ಕಿತ್ತು, ಮಗುಚಿ ಚುಚ್ಚಲು ನೋಡಿದ (ಬಿ ಸೈಡಿನಲ್ಲಿ ಇದ್ದಾರೇನೋ!). ಅದು ಒಳಗೇ ಹೋಗಲಿಲ್ಲ. ಕ್ಯಾಸೆಟ್ಟೂ ರದ್ದಿಗೆ ಹೋಗಿತ್ತು. ಆ ದನಿ ಮತ್ತೆ ಎಲ್ಲಿಂದ ತರುವುದು?

ಅವರ ಮನೆಮಾತು ದಖನಿ ಉರ್ದು. ಜಗಳ ಮಾತ್ರ ಕನ್ನಡದಲ್ಲಿ, ಓಣಿಗೆಲ್ಲ ತಿಳಿಯಲಿ ಎಂದು. ಆದರೆ ಅಂದು ವಿಷಯ ಕೇಳಿದ ಜೈತುನಬೀ ಚೀರಲಿಲ್ಲ. ಅವನಿಗೆ ಅದೇ ಹೆಚ್ಚು ಭಯ ಹುಟ್ಟಿಸಿತು.

"ಮುಂದ ತುಂಬಿಸಿದ್ರ ಹಿಂದಿಂದು ಉಳಿತದಂತ ನಿಮಗ್ಯಾರು ಹೇಳಿದ್ರು?"

"ಅನುಭವ, ಜೈತುನ್."

"ಸುಡ್ರಿ ನಿಮ್ಮ ಅನುಭವ!"

ಒಳಗೆ ಹೋದವಳು ಅಕ್ಕಿ ಡಬ್ಬಿಯಲ್ಲಿ ಮೊಳಕೈವರೆಗೆ ಕೈ ಹಾಕಿ ಹಳೆಯ ಕ್ಯಾಸೆಟ್ಟನ್ನು ಹೊರತೆಗೆದಳು.

"ರದ್ದಿಯವನ ಗಾಡಿ ಹಿಂದ ಓಡಿಹೋಗಿ ತಂದೀನಿ. ಇಲ್ಲಿ ನೋಡ್ರಿ, ಬೆನ್ನಾಗಿನ ಪ್ಲಾಸ್ಟಿಕ್ ಚೂರು ಮುರದೀನಿ, ಇದರ ಮ್ಯಾಲ ಯಾರೂ ಏನೂ ತುಂಬಿಸಬಾರದಂತ. ನಿಮ್ಮ ತಮ್ಮನ ನಿಖಾದ ಕ್ಯಾಸೆಟ್ಟಿನ ಮ್ಯಾಲ ಸಿನಿಮಾ ಹಾಡು ತುಂಬಿಸಿದ್ರಲ್ಲ, ಅವತ್ತೇ ಮುರದೆ."

ಸೋಮವಾರ ಸರ್ವರು ಜಗ್ಗನೆ ಎದ್ದು ಅಪ್‌ಡೇಟ್ ಹಾಕಿಕೊಂಡಿತು. ಬಾಲರಾಜ ಬೆನ್ನು ತಟ್ಟಿದ. ಮನೆಯಲ್ಲಿ ಈ ಸಾಧನೆಯನ್ನು ಯಾರೂ ಕೇಳಲಿಲ್ಲ.

ಅರಿಶಿನದ ದಿನ ಪಕ್ಕದ ಮೆಹಬೂಬನ ಮನೆಯ ಮಾಳಿಗೆಯಿಂದ ಟೇಪ್‌ರೆಕಾರ್ಡರ್ ಇಳಿಯಿತು. ರೀಲು ಸಿಕ್ಕಿಕೊಂಡಿತು. ಖಾಜಾಹುಸೇನ ಪೆನ್ಸಿಲ್ ಹಿಡಿದ, ಮನೆತುಂಬ ಹೆಂಗಸರು ನಿಂತು ನೋಡಿದರು (ಈ ಸಲ ಯಾರೂ ಬಸ್ಸಿಗೆ ಕಾಯುತ್ತಿರಲಿಲ್ಲ!). ಢೋಲಕ್ ಬಡಿಯಿತು, ಮುದುಕಿ ಹಾಡಿದಳು. ಕಿವಿಯ ಹಾಡಿಗೆ ಅರ್ಜುಮಂದ ಅರಿಶಿನದ ಮುಖದಲ್ಲೇ ಬಿದ್ದು ಬಿದ್ದು ನಕ್ಕಳು. ಜೈತುನಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಳೆಯ ಅಂಗಡಿ, ಎಳೆದ ಶಟರು, ಅತ್ತೆಯ ಎಲೆ ಅಡಿಕೆಯ ವಾಸನೆ ಎಲ್ಲ ಖಾಜಾಹುಸೇನನಿಗೆ ನೆನಪಾಯಿತು.

ಹಾಡು ಮುಗಿಯಿತು. ಯಾರೂ ಆಫ್ ಮಾಡುವ ಮೊದಲೇ ಪೆಟ್ಟಿಗೆಯೊಳಗಿಂದ ಒಂದು ಎಳೆಯ, ಭಾರೀ ಠೀವಿಯ ಗಂಡುದನಿ ಮೊಳಗಿತು:

"ಖಾಜಾ ರೆಕಾರ್ಡಿಂಗ್ ಸೆಂಟರ್, ಸುರಪುರ! ನಮ್ಮ ಕೈಯಲ್ಲಿ ಒಮ್ಮೆ ತುಂಬಿಸಿದ್ದು, ಜಿಂದಗಿಯಲ್ಲಿ ಅಳಿಯುವುದಿಲ್ಲ!"

ಎಲ್ಲರೂ ಖಾಜಾಹುಸೇನನತ್ತ ತಿರುಗಿದರು. ಅವನ ಅಗಲವಾದ ಕಿವಿಗಳು ಕೆಂಪಗಾದವು.

"ಇನ್ನೊಮ್ಮೆ ಹಚ್ರಿ," ಅಂದಳು ಜೈತುನಬೀ.

"ಅಮ್ಮಾನ ಹಾಡನಾ?"

"ಅಲ್ರಿ. ಆಮ್ಯಾಲ ಬಂತಲ್ಲ, ಅದನ್ನ."